ಮೊದಲ ದಿನವೇ ಗುಂಡು ತುಂಬಿಸುವ ಕ್ಲಾಸ್ ಬೇಡ

ಕೇಳುಗರಿಗೆಲ್ಲ ನಮಸ್ಕಾರ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದರಲ್ಲ, ಆಮೇಲೆ ನಮ್ಮ ಮನೆಯಲ್ಲಿ ಒಂದೇ ಹಟ. ಹದಿಮೂರು ವರ್ಷದ ಮಗಳಿಗೆ ಏರ್ ಪಿಸ್ತೂಲ್, ಅಂದರೆ ಗಾಳಿಯ ಒತ್ತಡದಿಂದ ಹೊಡೆಯುವ ಪಿಸ್ತೂಲ್ ಶೂಟಿಂಗ್ ಕಲಿಯಬೇಕಿತ್ತು. ಒಬ್ಬಳನ್ನೇ ಕಳಿಸಲು ಮನಸ್ಸು ಒಪ್ಪಲಿಲ್ಲ, ನಾನೂ ಜೊತೆಗೆ ಸೇರಿದೆ.

ಬೆಂಗಳೂರಿನಲ್ಲಿ ಈಗ ಇಂಥ ಕ್ಲಾಸ್‌ಗಳು ಬೇಕಾದಷ್ಟಿವೆ. ನಾವು ಮೊದಲು ಹೋದ ಜಾಗದಲ್ಲಿ ಎಸಿ ಇತ್ತು, ಪಾರ್ಕಿಂಗ್ ಇತ್ತು, ಪಿಸ್ತೂಲ್‌ಗಳೂ ಹೊಸವು. ಹೋಗಿ ಹತ್ತು ನಿಮಿಷಕ್ಕೆ ಕೈಗೆ ಕೊಟ್ಟು, ಪೆಲೆಟ್ ಅನ್ನುವ ಪುಟ್ಟ ಗುಂಡು ತುಂಬಿಸಿ, "ಹೊಡೀರಿ ಮೇಡಂ" ಅಂದರು. ಪಕ್ಕದಲ್ಲಿ ಒಬ್ಬ ಹುಡುಗ. ಅವನ ಪಿಸ್ತೂಲ್ ಸಿಕ್ಕಿಕೊಂಡಿತು. "ಸರ್, ಇದು ಆಗ್ತಿಲ್ಲ" ಎನ್ನುತ್ತಾ ಅದನ್ನು ಹಿಡಿದುಕೊಂಡೇ ಹಿಂದೆ ತಿರುಗಿದ. ಮೂತಿ ನನ್ನ ಮಗಳ ಮುಖದ ಕಡೆಗಿತ್ತು, ಬೆರಳು ಟ್ರಿಗರ್ ಮೇಲೇ ಇತ್ತು. ಕಲಿಸುವವರು ಫೋನ್‌ನಲ್ಲಿದ್ದರು. ಏನೂ ಆಗಲಿಲ್ಲ. ಆದರೆ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಏರ್ ಪಿಸ್ತೂಲ್ ತಾನೇ, ಗಾಳಿ ತಾನೇ ಅಂತ ಸುಮ್ನೆ ಅಂದುಕೊಳ್ಳಬೇಡಿ. 4.5 ಮಿಲಿಮೀಟರ್‌ನ ಆ ಪುಟ್ಟ ಸೀಸದ ಪೆಲೆಟ್‌ಗೆ ಒಂದು ಕಣ್ಣು ತೆಗೆಯುವಷ್ಟು ಶಕ್ತಿ ಇದೆ.

ಮರುವಾರ ಇನ್ನೊಂದು ಜಾಗಕ್ಕೆ ಹೋದೆವು. ಹಳೇ ಕಟ್ಟಡ, ಮೇಲೆ ಶೀಟ್, ತಿರುಗುವ ಫ್ಯಾನ್. ಮೊದಲ ಮೂರು ಕ್ಲಾಸ್ ಪೆಲೆಟ್ ಮುಟ್ಟಲೂ ಬಿಡಲಿಲ್ಲ. ಮಗಳಿಗೆ ಅಳುವೇ ಬಂತು! ಕೋಚ್ ಮೇಜಿನ ಮೇಲೆ ಒಂದು ಪಿಸ್ತೂಲ್ ಇಟ್ಟರು. ಅದರ ನಳಿಗೆಯೊಳಗಿಂದ ಕಿತ್ತಳೆ ಬಣ್ಣದ ದಾರವೊಂದು ಹಾದು ಮೂತಿಯಿಂದ ಹೊರಗೆ ಬಂದಿತ್ತು. "ಒಳಗೆ ಪೆಲೆಟ್ ಇದ್ದರೆ ಈ ದಾರ ಹೋಗಲ್ಲ. ದಾರ ಕಂಡರೆ ನಳಿಗೆ ಖಾಲಿ ಅಂತ ದೂರದಲ್ಲಿ ನಿಂತವರಿಗೂ ಗೊತ್ತಾಗುತ್ತೆ" ಅಂದರು. ಹಾಗಂತ ದಾರ ಇದ್ದಾಗಲೂ ಮೂತಿಯನ್ನು ಗುರಿಯ ಕಡೆ ಬಿಟ್ಟು ಬೇರೆಲ್ಲೂ ತಿರುಗಿಸುವಂತಿರಲಿಲ್ಲ. ಖಾಲಿ ಇದೆ ಅಂತ ಗೊತ್ತಿದ್ದರೂ ಗುಂಡು ತುಂಬಿದೆ ಎಂದೇ ಹಿಡಿಯಬೇಕು. ಹೊಡೆಯುವ ಗಳಿಗೆಯವರೆಗೂ ಬೆರಳು ಟ್ರಿಗರ್‌ನಿಂದ ಹೊರಗೇ. ಗುರಿಯ ಹಿಂದೆ ಏನಿದೆ ಅಂತಲೂ ನೋಡಿರಬೇಕು. "ಸ್ಟಾಪ್" ಅಂದ ತಕ್ಷಣ ಇಡೀ ಸಾಲು ನಿಲ್ಲಬೇಕು. ಇಷ್ಟನ್ನೇ ಮೂರು ದಿನ ಮಾಡಿಸಿದರು. ಮನೆಗೆ ಹೊರಡುವ ಮುಂಚೆ ಸೋಪು ಹಾಕಿ ಕೈ ತೊಳೆಸಿದರು, ಸೀಸ ಹೊಟ್ಟೆಗೆ ಹೋಗಬಾರದಲ್ವಾ.

ನನ್ನ ಕೊಡಗಿನ ಗೆಳತಿಗೆ ಇದನ್ನು ಹೇಳಿದೆ. ಅವರ ಮನೆಯಲ್ಲಿ ಕೈಲ್‌ಪೊಳ್ದ್ ಎಂಬ ಆಯುಧ ಪೂಜೆಯ ಹಬ್ಬದ ದಿನ ಕೋವಿ ಮೂತಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. "ಖಾಲಿ ಕೋವಿಯನ್ನು ತಮಾಷೆಗೆ ಒಬ್ಬರ ಕಡೆ ತಿರುಗಿಸಿದರೂ ಅಜ್ಜನ ಏಟು ಬೀಳುತ್ತಿತ್ತು" ಅಂದಳು.

ಸ್ವಂತ ರಕ್ಷಣೆಗೆ ನಿಜವಾದ ಪಿಸ್ತೂಲ್ ಬೇಕು ಅನ್ನುವವರ ದಾರಿ ಬೇರೆ. ಅದಕ್ಕೆ ಲೈಸೆನ್ಸ್ ಬೇಕು, 21 ವರ್ಷ ತುಂಬಿರಬೇಕು. ಆಯುಧವನ್ನು ಸುರಕ್ಷಿತವಾಗಿ ಹಿಡಿಯುವುದು, ಒಯ್ಯುವುದು, ಇಡುವುದು ಇವನ್ನೆಲ್ಲ ಕಲಿತಿರಬೇಕು ಅಂತ 2016ರ ಆಯುಧ ನಿಯಮಗಳೇ ಹೇಳುತ್ತವೆ. "ಕ್ಲಾಸ್‌ಗೆ ಸೇರಿ, ಲೈಸೆನ್ಸ್ ನಾವು ಮಾಡಿಸಿಕೊಡುತ್ತೇವೆ" ಎನ್ನುವವರ ಹತ್ತಿರ ಹೋಗಲೇಬೇಡಿ. ಲೈಸೆನ್ಸ್ ಕೊಡುವುದು ಸರ್ಕಾರ, ಕ್ಲಾಸ್ ಅಲ್ಲ.

ಫೀಸ್ ಕಟ್ಟುವ ಮುಂಚೆ ಒಂದು ಕೆಲಸ ಮಾಡಿ. ಶನಿವಾರ ಬಂದು ಒಂದು ಗಂಟೆ ಹಿಂದೆ ಕೂತು ನೋಡಬಹುದಾ ಅಂತ ಕೇಳಿ. ಬೇಡ ಅಂದರೆ ಅಲ್ಲಿಗೇ ಬಿಡಿ. ಒಪ್ಪಿದರೆ, ಗುರಿಹಲಗೆ ನೋಡಬೇಡಿ, ಕಲಿಸುವವರ ಕಣ್ಣು ನೋಡಿ. ಅದು ಮಕ್ಕಳ ಕೈ ಮೇಲಿದೆಯೋ, ಫೋನ್ ಮೇಲಿದೆಯೋ? ಒಬ್ಬರಿಗೆ ಎಷ್ಟು ಜನ ಮಕ್ಕಳು, ಎಣಿಸಿ. ತಪ್ಪು ಮಾಡಿದ ಮಗುವನ್ನು ಅವರು ಹೇಗೆ ತಡೆಯುತ್ತಾರೆ, ಅದನ್ನೂ ಗಮನಿಸಿ. ನಮ್ಮ ಕೋಚ್ ಕಿರುಚುವುದಿಲ್ಲ. ಮಣಿಕಟ್ಟು ಹಿಡಿದು, ಮೂತಿಯನ್ನು ಮೆಲ್ಲಗೆ ಗುರಿಯ ಕಡೆ ತಿರುಗಿಸಿ, ಆಮೇಲೆ ಮಾತಾಡುತ್ತಾರೆ.

ನಾಲ್ಕನೇ ಕ್ಲಾಸ್‌ನಲ್ಲಿ ಮಗಳು ಮೊದಲ ಪೆಲೆಟ್ ಹೊಡೆದಳು. ಹತ್ತು ಮೀಟರ್ ದೂರದ ಹಾಳೆಗೆ ಅದು ತಾಗಲೇ ಇಲ್ಲ. ಅವಳು ಪಿಸ್ತೂಲ್ ಕೆಳಗಿಟ್ಟು, ದಾರ ಹಾಕಿ, ಆಮೇಲೆ ನನ್ನ ಕಡೆ ತಿರುಗಿ ನಕ್ಕಳು.