ಮೊದಲು ಕುದುರೆ, ಆಮೇಲೆ ರಥ

ನಮಸ್ಕಾರ. ಮೇಜಿನ ಮೇಲಿನ ಯುದ್ಧದ ಆಟಕ್ಕೆ ಪುಟ್ಟ ಪುಟ್ಟ ರಥಗಳಿಗೆ ಬಣ್ಣ ಹಚ್ಚುತ್ತೇವಲ್ಲ, ಅದರ ಬಗ್ಗೆ ನನಗೊಂದು ಮಾತು ಹೇಳಬೇಕಿದೆ. ನಾವು ರಥಕ್ಕೆ ಜಾಸ್ತಿ ಹೊತ್ತು ಕೊಡುತ್ತೇವೆ, ಕುದುರೆಗೆ ಕಡಿಮೆ. ಇದು ತಿರುಗಾಮುರುಗಾ ಆಗಬೇಕು.

ಈಜಿಪ್ಟಿನ ರಥವನ್ನೇ ತೆಗೆದುಕೊಳ್ಳಿ. ಅದರಲ್ಲಿ ಇರುವುದಾದರೂ ಏನು? ಮರದ ಬಾಗು, ಚರ್ಮ, ಆರು ಕಡ್ಡಿಯ ಎರಡು ಚಕ್ರ, ಒಂದು ಮೂಕಿ, ಒಂದು ನೊಗ. ನಿಲ್ಲುವುದು ಇಬ್ಬರು. ಮುಂದೆ ಎರಡು ಕುದುರೆ. ಮೇಜಿನ ಆ ಕಡೆ ಕೂತವರಿಗೆ ಮೊದಲು ಕಾಣುವುದು ಆ ಕುದುರೆಗಳೇ ಅಲ್ವಾ?

ಆದರೂ ನಾವು ರಥಕ್ಕೆಲ್ಲ ಚಿನ್ನದ ಬಣ್ಣ ಬಳಿಯುತ್ತೇವೆ. ಕಾರಣ ಗೊತ್ತಿರುವುದೇ. 1922ರಲ್ಲಿ ಸಿಕ್ಕ ಈಜಿಪ್ಟಿನ ರಾಜ ಟುಟಾಂಖಾಮುನ್ ಸಮಾಧಿಯಲ್ಲಿ ಆರು ರಥಗಳಿದ್ದವು, ಅವುಗಳಲ್ಲಿ ಕೆಲವಕ್ಕೆ ಚಿನ್ನದ ಹೊದಿಕೆ. ಆದರೆ ಅವು ರಾಜನ ರಥಗಳು. ಇಟಲಿಯ ಫ್ಲಾರೆನ್ಸ್ ವಸ್ತುಸಂಗ್ರಹಾಲಯದಲ್ಲಿರುವ ಈಜಿಪ್ಟಿನ ರಥ ನೋಡಿ, ಚಿನ್ನದ ಸುಳಿವೇ ಇಲ್ಲ, ಸಾದಾ ಮರ. ನಿಮ್ಮ ಸೈನ್ಯದಲ್ಲೂ ಚಿನ್ನ ರಾಜನ ಒಂದು ರಥಕ್ಕೆ ಸಾಕು. ಉಳಿದವು ಮರದ ಬಣ್ಣದಲ್ಲೇ ಇರಲಿ. ಆಗ ರಾಜ ಎಲ್ಲಿದ್ದಾನೆ ಅನ್ನುವುದು ದೂರದಿಂದಲೇ ಗೊತ್ತಾಗುತ್ತದೆ.

ಈಗ ಕುದುರೆಗೆ ಬರೋಣ. ನಾನು ಮೊದಮೊದಲು ಎಲ್ಲವನ್ನೂ ಅಂಟಿಸಿ ಆಮೇಲೆ ಬಣ್ಣ ಹಚ್ಚುತ್ತಿದ್ದೆ. ಎರಡು ಕುದುರೆಗಳ ನಡುವೆ ಬ್ರಷ್ ಹೋಗುತ್ತಲೇ ಇರಲಿಲ್ಲ. ಒಳಗಿನ ಪಕ್ಕೆಗಳು ಬೂದು ಬಣ್ಣದಲ್ಲೇ ಉಳಿದವು, ಪ್ರತಿ ಆಟದಲ್ಲೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಈಗ ಒಂದೊಂದು ಕುದುರೆಯನ್ನೂ ಬೇರೆ ಬೇರೆ ಕಡ್ಡಿಗೆ ಸಿಕ್ಕಿಸಿ ಬಣ್ಣ ಮುಗಿಸುತ್ತೇನೆ. ನೊಗಕ್ಕೆ ಸೇರಿಸುವುದು ಕೊನೆಗೆ.

ಕುದುರೆ ಮೈಗೆ ಆಯಿಲ್ ಪೇಂಟ್‌ನಷ್ಟು ಒಗ್ಗುವ ಬಣ್ಣ ಇನ್ನೊಂದಿಲ್ಲ. ಮೊದಲು ತೆಳು ಕಂದು ಅಕ್ರಿಲಿಕ್ ಹಚ್ಚಿ ಪೂರ್ತಿ ಒಣಗಲು ಬಿಡಿ. ಅದರ ಮೇಲೆ ಗಾಢ ಕಂದು ಆಯಿಲ್ ಪೇಂಟ್ ಮೈತುಂಬ ಬಳಿಯಿರಿ. ಸ್ವಲ್ಪ ಹೊತ್ತು ಬಿಟ್ಟು ಸ್ಪಂಜಿನ ತುಂಡಿನಿಂದ ಮೆಲ್ಲಗೆ ಒರೆಸಿ. ಉಬ್ಬಿದ ತೊಡೆ, ಭುಜ, ಕತ್ತಿನ ಏರು ತಿಳಿಯಾಗುತ್ತವೆ. ಪಕ್ಕೆಯ ತಗ್ಗು, ಹೊಟ್ಟೆಯ ಕೆಳಭಾಗ ಗಾಢವಾಗಿಯೇ ಉಳಿಯುತ್ತವೆ. ಒಂದೇ ಬಣ್ಣದ ಬೊಂಬೆಗೆ ನಿಮ್ಮ ಕೈಯಲ್ಲೇ ಮಾಂಸಖಂಡ ಮೂಡುತ್ತದೆ. ಆ ಕ್ಷಣ ನನಗೆ ಇವತ್ತಿಗೂ ಹಳತಾಗಿಲ್ಲ. ಒಣಗಲು ದಿನಗಟ್ಟಲೆ ಬೇಕು, ಕಾಯಿರಿ.

ಇನ್ನು ಬಣ್ಣದ ಆಯ್ಕೆ. ಇಲ್ಲಿ ಒಂದು ತಪ್ಪು ಎಲ್ಲೆಲ್ಲೂ ಕಾಣುತ್ತದೆ: ಕಂದು ಮೈ, ಕಪ್ಪು ಬಾಲ, ಆದರೆ ಕಾಲು ಕಂದು. ಕಂದು ಕುದುರೆಯ ಕತ್ತಿನ ಕೂದಲು, ಬಾಲ ಕಪ್ಪಾಗಿದ್ದರೆ ಕಾಲಿನ ಕೆಳಭಾಗವೂ ಸಾಮಾನ್ಯವಾಗಿ ಕಪ್ಪೇ. ಕೆಂಪು ಕಂದು ಕುದುರೆಗೆ ಬಾಲವೂ ಅದೇ ಬಣ್ಣ, ಕಪ್ಪಿನ ಕೆಲಸವೇ ಇಲ್ಲ. ಒಂದು ಕಾಲಿಗೆ ಬಿಳಿ ಹಚ್ಚಿದರೆ ಆ ಗೊರಸನ್ನೂ ತಿಳಿ ಬಣ್ಣ ಮಾಡಿ. ಬಿಳಿ ಕುದುರೆಗೆ ಸುಮ್ನೆ ಬಿಳಿ ಬಳಿದುಬಿಡಬೇಡಿ. ಹೆಚ್ಚಿನ ಬಿಳಿ ಕುದುರೆಗಳ ಕೂದಲಿನ ಕೆಳಗೆ ಚರ್ಮ ಕಪ್ಪು. ಮೂತಿಗೆ, ಕಣ್ಣಿನ ಸುತ್ತ ಬೂದು ಕೊಡಿ, ಮುಖಕ್ಕೆ ಜೀವ ಬರುತ್ತದೆ.

ಒಂದೇ ನೊಗದ ಜೋಡಿ ಒಂದೇ ಬಣ್ಣದ್ದಾದರೆ ನನಗಿಷ್ಟ. ಪಕ್ಕದ ರಥದ ಜೋಡಿ ಮಾತ್ರ ಬೇರೆ ಇರಲಿ. ಈಗಿನ ಟರ್ಕಿಯ ಕಡೆ ಆಳುತ್ತಿದ್ದ ಹಿಟ್ಟೈಟರ ರಥಗಳಿಗೂ ಇದೇ ಮಾತು. ಅವರಿಗೂ ಈಜಿಪ್ಟಿಗೂ ನಡೆದ ಕಾದೇಶ್ ಯುದ್ಧದ ಈಜಿಪ್ಟ್ ಶಿಲ್ಪಗಳಲ್ಲಿ ಅವರ ರಥದಲ್ಲಿ ಮೂವರು ನಿಂತಿದ್ದಾರೆ. ಹಿಂದೆ ಅಷ್ಟು ಗದ್ದಲ ಇರುವಾಗ ಮುಂದಿನ ಎರಡು ಕುದುರೆ ಇನ್ನೂ ಗಟ್ಟಿಯಾಗಿ ಕಾಣಬೇಕು.

ನಿಮ್ಮ ಡಬ್ಬಿಯಲ್ಲೂ ಅರ್ಧ ಬಣ್ಣದ ರಥಗಳು ಇದ್ದೇ ಇರುತ್ತವೆ. ಇನ್ನೂ ಅಂಟಿಸಿಲ್ಲ ಅಂದರೆ, ದಯವಿಟ್ಟು ಇವತ್ತು ಕುದುರೆಗಳನ್ನು ಮಾತ್ರ ಹೊರಗೆ ತೆಗೆಯಿರಿ.