ಹರ್ಡಲ್ಸ್ ಎಂದರೆ ಜಿಗಿತ ಅಲ್ಲ, ಓಟ

ಕೇಳುಗರೆಲ್ಲರಿಗೂ ನಮಸ್ಕಾರ.

ಏಷ್ಯನ್ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನಲ್ಲಿ ಪುರುಷರ 110 ಮೀಟರ್ ಹರ್ಡಲ್ಸ್ ಫೈನಲ್ ಹದಿಮೂರು ಚಿಲ್ಲರೆ ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ನೂರು ಮೀಟರ್ ಓಟದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಈ ಓಟದ ಬಗ್ಗೆ ಮಾತಾಡುವವರು ಕಡಿಮೆ. ನನಗೆ ಮಾತ್ರ ಇಡೀ ಕೂಟದಲ್ಲಿ ಇದಕ್ಕಿಂತ ಚೆಂದದ ಓಟ ಇನ್ನೊಂದಿಲ್ಲ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಒಟ್ಟು ಹತ್ತು ಹರ್ಡಲ್, ಅಂದರೆ ಓಡುತ್ತಲೇ ದಾಟಬೇಕಾದ ಅಡ್ಡ ತಡೆಗಳು. ಒಂದೊಂದರ ಎತ್ತರ 1.067 ಮೀಟರ್, ಅಂದರೆ ಮೂರೂವರೆ ಅಡಿ. ಓಟ ಶುರುವಾಗುವ ಗೆರೆಯಿಂದ ಮೊದಲನೆಯದಕ್ಕೆ 13.72 ಮೀಟರ್. ಆಮೇಲೆ ಒಂದರಿಂದ ಇನ್ನೊಂದಕ್ಕೆ 9.14 ಮೀಟರ್. ಕೊನೆಯದು ದಾಟಿದ ಮೇಲೆ 14.02 ಮೀಟರ್ ಬರೀ ಓಟ. ಕಾಲು ತಗುಲಿ ಹರ್ಡಲ್ ಬಿದ್ದರೆ ಔಟ್ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಬೇಕಂತಲೇ ಬೀಳಿಸಬಾರದು, ಪಕ್ಕದ ಲೇನಿನವನಿಗೆ ಅಡ್ಡ ಬರಬಾರದು, ಅಷ್ಟೇ. ಆದರೆ ತಗುಲಿದಾಗಲೆಲ್ಲ ವೇಗ ಕಡಿಮೆಯಾಗುತ್ತದೆ. ಅದೇ ದೊಡ್ಡ ಶಿಕ್ಷೆ.

ಈಗ ಆ 9.14 ಮೀಟರ್ ಅನ್ನೇ ನೋಡೋಣ. ಒಳ್ಳೆಯ ಓಟಗಾರ ಹರ್ಡಲ್‌ಗೆ ಎರಡು ಮೀಟರ್‌ಗಿಂತ ಸ್ವಲ್ಪ ಹಿಂದೆಯೇ ನೆಲ ಬಿಡುತ್ತಾನೆ. ದಾಟಿದ ಮೇಲೆ ಸುಮಾರು ಒಂದೂಕಾಲು ಮೀಟರ್ ಆಚೆ ಕಾಲೂರುತ್ತಾನೆ. ಉಳಿದ ಜಾಗ ಐದೂಮುಕ್ಕಾಲು ಮೀಟರ್‌ನಷ್ಟು. ಅದರೊಳಗೆ ಮೂರೇ ಹೆಜ್ಜೆ ಹಾಕಬೇಕು. ನೂರು ಮೀಟರ್ ಓಡುವವನ ಹೆಜ್ಜೆ ಎರಡು ಮೀಟರ್ ದಾಟಿ ಬೀಳುತ್ತದೆ. ಇಲ್ಲಿ ಅಷ್ಟು ಉದ್ದದ ಹೆಜ್ಜೆಗೆ ಜಾಗವೇ ಇಲ್ಲ. ಹಾಗಾಗಿ ಕಾಲನ್ನು ಚಾಚುವುದಲ್ಲ, ಚುರುಕಾಗಿ ಇಡುವುದು ಮುಖ್ಯ. ಒಂದು ಹರ್ಡಲ್‌ನಿಂದ ಇನ್ನೊಂದಕ್ಕೆ ಹೋಗಲು ಹೆಚ್ಚುಕಡಿಮೆ ಒಂದೇ ಸೆಕೆಂಡು. ನಮ್ಮ ಯಕ್ಷಗಾನದಲ್ಲಿ ಚೆಂಡೆಯ ಪೆಟ್ಟು ತಪ್ಪಿದರೆ ಕುಣಿಯುವವರ ಹೆಜ್ಜೆಯೂ ಹಾಳಾಗುತ್ತದಲ್ಲ, ಇದೂ ಹಾಗೆಯೇ. ಮೂರನೆಯ ಹರ್ಡಲ್‌ನಲ್ಲಿ ಲಯ ಚೂರು ತಪ್ಪಿದರೆ ಏಳನೆಯದರಲ್ಲಿ ಗೊತ್ತಾಗುತ್ತದೆ.

ಏಷ್ಯಾದವರು ಜಗತ್ತಿನ ಮುಂದೆ ಗೆದ್ದು ತೋರಿಸಿದ ವೇಗದ ಓಟ ಇದು. ಅದಕ್ಕೆ ಕಾರಣ ಇಲ್ಲೇ ಇದೆ ಅನ್ನುವುದು ನನ್ನ ನಂಬಿಕೆ. ಹುಟ್ಟಿನಿಂದ ಬಂದ ವೇಗ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಅದರ ಜೊತೆಗೆ ವರ್ಷಗಟ್ಟಲೆ ತಿದ್ದಿ ತೀಡಿ ಕಲಿಯುವ ಕಸುಬೂ ಇಲ್ಲಿ ಅಷ್ಟೇ ಲೆಕ್ಕಕ್ಕೆ ಬರುತ್ತದೆ.

ಚೀನಾದ ಲಿಯು ಶಿಯಾಂಗ್ ಹೆಸರು ನಿಮಗೆ ನೆನಪಿರಬಹುದು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ 12.91 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು. ಅಂದಿನ ವಿಶ್ವದಾಖಲೆಗೆ ಸರಿಸಮ. 2006ರಲ್ಲಿ ಲೌಸಾನ್‌ನಲ್ಲಿ 12.88 ಓಡಿ ವಿಶ್ವದಾಖಲೆಯನ್ನೇ ಬರೆದರು. ಅಷ್ಟು ಗೆದ್ದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಮೊದಲ ಹರ್ಡಲ್‌ಗೆ ಎಂಟು ಹೆಜ್ಜೆ ಇಡುತ್ತಿದ್ದವರು ಏಳಕ್ಕೆ ಇಳಿಸಿದರು. ಕೇಳಲು ಸಣ್ಣ ವಿಷಯ. ಆದರೆ ಒಂದು ಹೆಜ್ಜೆ ಕಡಿಮೆಯಾದರೆ ಓಟ ಶುರುಮಾಡುವಾಗ ಪಾದ ಊರುವ ಬ್ಲಾಕಿನಲ್ಲಿ ಯಾವ ಕಾಲು ಮುಂದೆ ಅನ್ನುವುದೇ ಬದಲಾಗುತ್ತದೆ. ಬಾಲ್ಯದಿಂದ ಮೈಗೆ ಅಂಟಿದ್ದನ್ನು ಬಿಟ್ಟು ಮತ್ತೆ ಮೊದಲಿನಿಂದ ಕಲಿಯಬೇಕು. 2011ರ ದೇಗು ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪಕ್ಕದ ಲೇನಿನ ಕ್ಯೂಬಾದ ಡೇರನ್ ರೋಬ್ಲೆಸ್ ಕೈ ಅವರ ಕೈಗೆ ತಗುಲಿತು. ಮೊದಲು ಬಂದ ರೋಬ್ಲೆಸ್ ಅನರ್ಹರಾದರು, ಲಿಯುಗೆ ಬೆಳ್ಳಿ ಸಿಕ್ಕಿತು. 2012ರ ಲಂಡನ್‌ನಲ್ಲಿ ಮೊದಲ ಹರ್ಡಲ್‌ಗೇ ಬಿದ್ದರು. ಎದ್ದು ಒಂಟಿ ಕಾಲಲ್ಲಿ ಕುಂಟುತ್ತಾ ಹೋಗಿ ಕೊನೆಯ ಹರ್ಡಲ್‌ಗೆ ಮುತ್ತಿಟ್ಟರು. ಅದನ್ನು ನೋಡಿದ ಯಾರಿಗೂ ಮರೆಯಲು ಸಾಧ್ಯವಿಲ್ಲ.

ಲಿಯು ಓಟದಿಂದ ನಿವೃತ್ತರಾದ ಮೇಲೂ ಏಷ್ಯಾ ಹಿಂದೆ ಬೀಳಲಿಲ್ಲ. ಈಗ ಜಪಾನ್‌ನವರು ಮುಂದಿದ್ದಾರೆ. ರಾಚಿದ್ ಮುರಾತಾಕೆ 2025ರ ಆಗಸ್ಟ್‌ನಲ್ಲಿ 12.92 ಓಡಿದರು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇನ್ನೊಂದು ವಿಶೇಷ ನಡೆಯಿತು. ಜಪಾನ್‌ನ ಶುನ್ಯಾ ತಕಯಾಮಾ ಮತ್ತು ಕುವೈತ್‌ನ ಯಾಕೂಬ್ ಅಲ್ ಯೂಹಾ ಇಬ್ಬರೂ 13.41 ಸೆಕೆಂಡಿಗೆ ಬಂದರು, ಇಬ್ಬರಿಗೂ ಚಿನ್ನ ಕೊಟ್ಟರು.

ಆ 13.41 ಅನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದಿನ ವರ್ಷ, 2024ರ ಮೇ ತಿಂಗಳಲ್ಲಿ, ಫಿನ್ಲೆಂಡ್‌ನಲ್ಲಿ ಮಹಾರಾಷ್ಟ್ರದ ತೇಜಸ್ ಶಿರ್ಸೆ ಓಡಿದ್ದು ಅದೇ 13.41. ಭಾರತದ ಹೊಸ ದಾಖಲೆ. ಅಲ್ಲಿಯವರೆಗೆ 13.48ರ ದಾಖಲೆ ಇದ್ದದ್ದು ಮುಂಬೈಯ ಸಿದ್ಧಾಂತ್ ತಿಂಗಳಾಯ ಹೆಸರಿನಲ್ಲಿ, 2017ರಿಂದ. ತಿಂಗಳಾಯ ಅಂದರೆ ನಮ್ಮ ಕರಾವಳಿ ಕಡೆಯ ಮನೆತನದ ಹೆಸರು, ಇಲ್ಲಿಯವರಿಗೆ ಬೇರೆ ಹೇಳಬೇಕಾಗಿಲ್ಲ, ಅಲ್ವಾ? ಆ ಹೆಸರು ದೇಶದ ದಾಖಲೆ ಪಟ್ಟಿಯ ಮೇಲ್ತುದಿಯಲ್ಲಿ ಅಷ್ಟು ವರ್ಷ ಇದ್ದದ್ದು ನನಗಂತೂ ಹೆಮ್ಮೆ. ಅದಕ್ಕೂ ಹಿಂದೆ, 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಗುರುಬಚನ್ ಸಿಂಗ್ ರಂಧಾವಾ ಇದೇ ಓಟದಲ್ಲಿ ಐದನೆಯವರಾಗಿದ್ದರು. ಹೆಂಗಸರ 100 ಮೀಟರ್ ಹರ್ಡಲ್ಸ್‌ನಲ್ಲಿ ಜ್ಯೋತಿ ಯರ್ರಾಜಿ 2025ರ ಗುಮಿ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 12.96 ಓಡಿ ಕೂಟದ ದಾಖಲೆಯೊಂದಿಗೆ ಗೆದ್ದರು. 2023ರಲ್ಲೂ ಅವರೇ ಗೆದ್ದಿದ್ದರು. ತೇಜಸ್, ಜ್ಯೋತಿ ಇಬ್ಬರೂ ಭುವನೇಶ್ವರದಲ್ಲಿ ಒಬ್ಬರೇ ಕೋಚ್ ಕೈಕೆಳಗೆ ಬೆಳೆದವರು. ಗಂಡಸರ ಓಟದಲ್ಲಿ ನಮಗೂ ಜಪಾನ್‌ಗೂ ಇನ್ನೂ ಅರ್ಧ ಸೆಕೆಂಡಿನ ಅಂತರ ಇದೆ. ಹತ್ತು ಹರ್ಡಲ್‌ಗೆ ಹಂಚಿದರೆ ಒಂದೊಂದರಲ್ಲಿ ಒಂದು ಸೆಕೆಂಡಿನ ನೂರರಲ್ಲಿ ಐದು ಪಾಲು. ಹಾಗೆ ನೋಡಿದರೆ ತುಂಬಲಾಗದ ಅಂತರ ಅಂತ ನನಗೆ ಅನಿಸುವುದಿಲ್ಲ.

ಇನ್ನು ನಮ್ಮ ಊರಿನ ಮಾತು. ಮಂಗಳೂರಿನ ಮಂಗಳಾ ಸ್ಟೇಡಿಯಂನಲ್ಲಿ, ಉಡುಪಿಯ ಅಜ್ಜರಕಾಡಿನಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇದೆ. ಕುಂದಾಪುರ ಕಡೆಯ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ ತಂದವರು. ಆದರೂ ಶಾಲೆಯ ಸ್ಪೋರ್ಟ್ಸ್ ಡೇಗಳಲ್ಲಿ ನಾನು ನೋಡಿದ ಹಾಗೆ, ಹರ್ಡಲ್ಸ್ ಅಂದರೆ ಕೊನೆಯ ವಾರದಲ್ಲಿ ಕೆಲವು ಮಕ್ಕಳನ್ನು ನಿಲ್ಲಿಸಿ "ಹಾರು" ಅನ್ನುವುದು. ಎತ್ತರದ ಕಬ್ಬಿಣದ ಪಟ್ಟಿ ಮೊಣಕಾಲಿಗೆ ಒಮ್ಮೆ ಬಡಿದರೆ ಆ ಹುಡುಗ ಮತ್ತೆ ಅತ್ತ ತಲೆ ಹಾಕುವುದಿಲ್ಲ. ಇದು ನನಗೆ ತುಂಬಾ ಬೇಸರದ ವಿಷಯ. ದೊಡ್ಡ ಕೂಟಗಳಲ್ಲೇ ಹದಿನೆಂಟರ ಒಳಗಿನ ಹುಡುಗರಿಗೆ 91.4 ಸೆಂಟಿಮೀಟರ್, ಇಪ್ಪತ್ತರ ಒಳಗಿನವರಿಗೆ 99.1 ಸೆಂಟಿಮೀಟರ್ ಇಡುತ್ತಾರೆ. ಹಂತ ಹಂತವಾಗಿ ಏರಿಸುವುದಕ್ಕೆ ಕಾರಣ ಇದೆ.

ಹಾಗಾಗಿ ಪಿ.ಟಿ. ಮಾಸ್ಟ್ರುಗಳಲ್ಲಿ, ಟೀಚರ್‌ಗಳಲ್ಲಿ ನನ್ನದೊಂದು ವಿನಂತಿ. ಮಳೆ ಬಿಟ್ಟು ಮೈದಾನ ಒಣಗಿದ ಮೇಲೆ, ಮೊದಲು ನೆಲದ ಮೇಲೆ ಸುಣ್ಣದ ಗೆರೆ ಎಳೆಯಿರಿ. ಮಕ್ಕಳ ಹೆಜ್ಜೆಗೆ ತಕ್ಕಷ್ಟು ದೂರ ಇಡಿ, ಒಂಬತ್ತು ಮೀಟರ್ ಬೇಡ. ಎರಡು ಗೆರೆಗಳ ನಡುವೆ ಮೂರು ಹೆಜ್ಜೆಯಲ್ಲಿ ಓಡಲಿ. ಅದು ಸಲೀಸಾದ ಮೇಲೆ ಗೆರೆಯ ಜಾಗದಲ್ಲಿ ಬಿದಿರಿನ ಕೋಲನ್ನೋ ರಟ್ಟಿನ ಪೆಟ್ಟಿಗೆಯನ್ನೋ ಇಡಿ. ತಗುಲಿದರೂ ನೋಯಬಾರದು. ಮಗು ಅದರ ಮೇಲೆ ಓಡಿಕೊಂಡೇ ಹೋಗಬೇಕು, ನಿಂತು ಹಾರಬಾರದು. ಎತ್ತರ ಆಮೇಲೆ ಏರಿಸಿದರಾಯಿತು.

ನಮಸ್ಕಾರ.