ಯಾರ ಟ್ರೀಯಿಂದ ಹೋಗಬೇಕು?

ಎಲ್ಲರಿಗೂ ನಮಸ್ಕಾರ. ರಾಯಚೂರಿನ ಈ ಬಿಸಿಲಲ್ಲಿ ಭಾನುವಾರವೂ ಬಂದು ಕೂತಿದ್ದೀರಿ. ಪೀಠಿಕೆ ಬೇಡ, ನನ್ನ ಪೇಚಾಟದಿಂದಲೇ ಶುರು ಮಾಡುತ್ತೇನೆ.

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಒಮ್ಮೆ ಎರಡು ಪ್ಯಾಚ್, ಅಂದರೆ ಕೋಡ್ ಬದಲಾವಣೆ, ಕಳಿಸಿದ್ದೆ. ಅವು ಇಬ್ಬರು ಮೇಂಟೇನರ್‌ಗಳ, ಅಂದರೆ ಕರ್ನಲ್‌ನ ಒಂದೊಂದು ಭಾಗ ನೋಡಿಕೊಳ್ಳುವವರ, ಜಾಗಕ್ಕೆ ಸೇರಿದ್ದವು: ಒಂದು ಕ್ಲಾಕ್ ಭಾಗದ್ದು, ಇನ್ನೊಂದು ಡ್ರೈವರ್‌ನದ್ದು. ಇಬ್ಬರೂ ನೋಡಿದರು, ಚೆನ್ನಾಗಿದೆ ಅಂದರು. ಯಾರೂ ತಮ್ಮ ಟ್ರೀಗೆ, ಅಂದರೆ ತಮ್ಮ ಕೋಡ್ ಪ್ರತಿಗೆ, ಹಾಕಿಕೊಳ್ಳಲಿಲ್ಲ. ಅವರು ತಗೊಳ್ತಾರೆ ಅಂತ ಇವರು, ಇವರು ತಗೊಳ್ತಾರೆ ಅಂತ ಅವರು. ಅಷ್ಟರಲ್ಲಿ ಹೊಸ ಕೆಲಸ ಸೇರಿಸುವ ಅವಧಿ, ಅಂದರೆ ಮರ್ಜ್ ವಿಂಡೋ, ಮುಗಿದಿತ್ತು.

ಸಿಂಧನೂರು, ಮಾನ್ವಿ ಕಡೆಯವರಿಗೆ ತುಂಗಭದ್ರಾ ಎಡದಂಡೆ ಕಾಲುವೆ ಗೊತ್ತು ಅಲ್ವಾ? ದೊಡ್ಡ ಕಾಲುವೆ, ಉಪಕಾಲುವೆ, ಹೊಲಗಾಲುವೆ. ಕರ್ನಲ್‌ನಲ್ಲೂ ಹೀಗೇ, ಆದರೆ ನೀರು ಉಲ್ಟಾ ಹರಿಯುತ್ತದೆ. ನಿಮ್ಮ ಪ್ಯಾಚ್ ಹೊಲದಿಂದ ಹೊರಟು ಮೇಂಟೇನರ್ ಟ್ರೀಗೆ, ಅಲ್ಲಿಂದ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅವರ ಮುಖ್ಯ ಟ್ರೀಗೆ ಏರಬೇಕು. ಹೊಸ ಕೆಲಸಕ್ಕೆ ಗೇಟು ತೆರೆದಿರುವುದು ಎರಡು ವಾರ ಮಾತ್ರ. ಆಮೇಲೆ ವಾರಕ್ಕೊಂದು ಆರ್‌ಸಿ, ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ; ಬರೀ ತಪ್ಪು ತಿದ್ದುವ ಕೆಲಸ. 9-10 ವಾರಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ. ಗೇಟು ತಪ್ಪಿದರೆ ಮುಂದಿನ ಪಾಳಿಗೆ ಕಾಯಬೇಕು.

ಪ್ಯಾಚ್ ಒಂದೇ ಹೊಲದ್ದಾದರೆ ತಲೆನೋವಿಲ್ಲ. ಬದುವಿನ ಮೇಲೆ ಬಿದ್ದಾಗಲೇ ತಕರಾರು. ಕ್ಲಾಕ್ ಭಾಗಕ್ಕೆ ಒಂದು ಹೊಸ ಫಂಕ್ಷನ್ ಸೇರಿಸಿದಿರಿ ಅಂದುಕೊಳ್ಳಿ. ನೆಟ್‌ವರ್ಕ್ ಡ್ರೈವರ್ ಅದನ್ನು ಬಳಸುತ್ತದೆ. ಡ್ರೈವರ್ ಪ್ಯಾಚ್ ಮೊದಲು ಹೋದರೆ ಬಿಲ್ಡ್ ಮುರಿಯುತ್ತದೆ, ಅಂದರೆ ಕೋಡ್ ಕಂಪೈಲ್ ಆಗುವುದಿಲ್ಲ. ಕೊನೆಗೆ ಎಲ್ಲ ಸರಿಹೋಗುತ್ತಲ್ಲ ಅನ್ನಬೇಡಿ. ಮುಂದೆ ಯಾರೋ ದೋಷ ಹುಡುಕಲು, ಕೋಡ್ ಇತಿಹಾಸ ಇಡುವ ಗಿಟ್‌ನಲ್ಲಿ ಬೈಸೆಕ್ಟ್ ಹಾಕಿ ಆ ಇತಿಹಾಸವನ್ನು ಅರ್ಧರ್ಧ ಮಾಡುತ್ತಾ ಪರೀಕ್ಷಿಸಿದಾಗ ಆ ಮುರಿದ ಜಾಗಕ್ಕೇ ಬಂದು ನಿಲ್ಲುತ್ತಾರೆ. ಹಾಗಂತ ಇಬ್ಬರೂ ಅದೇ ಪ್ಯಾಚನ್ನು ತಮ್ಮ ತಮ್ಮ ಟ್ರೀಗೆ ಹಾಕಿಕೊಂಡರೆ ಒಂದೇ ಬದಲಾವಣೆಗೆ ಎರಡು ಕಮಿಟ್, ಅಂದರೆ ಇತಿಹಾಸದಲ್ಲಿ ಎರಡು ದಾಖಲೆ.

ಸುಲಭದ ದಾರಿ ಅಂದರೆ ಒಬ್ಬರು ಆಕ್ಡ್-ಬೈ ಕೊಟ್ಟು ಪಕ್ಕಕ್ಕೆ ನಿಲ್ಲುವುದು. ‘ನನ್ನ ಒಪ್ಪಿಗೆ ಇದೆ, ನಿಮ್ಮ ಟ್ರೀಯಲ್ಲೇ ಒಯ್ಯಿರಿ’ ಅಂತ. ತನ್ನ ಜಾಗಕ್ಕೆ ಇನ್ನೊಬ್ಬರು ಕೈ ಹಾಕಲು ಬಿಡುವುದು ದೊಡ್ಡ ಮಾತು. ಎರಡೂ ಕಡೆ ಕೆಲಸ ಜಾಸ್ತಿ ಇದ್ದಾಗ ಇದು ಸಾಲದು. ಆಗ ಒಬ್ಬರು ಆ ಪ್ಯಾಚ್‌ಗಳಿಗೆಂದೇ ಸಣ್ಣ ಬ್ರಾಂಚ್, ಅಂದರೆ ಕೋಡಿನ ಪ್ರತ್ಯೇಕ ಕವಲು, ಮಾಡುತ್ತಾರೆ, ಇಬ್ಬರೂ ಅದನ್ನೇ ಪುಲ್ ಮಾಡಿ ತಮ್ಮ ಟ್ರೀಗೆ ಎಳೆದುಕೊಳ್ಳುತ್ತಾರೆ. ಕಮಿಟ್ ಒಂದೇ ಆದ್ದರಿಂದ ಲಿನಸ್ ಎರಡೂ ಟ್ರೀ ತೆಗೆದುಕೊಂಡರೂ ಗಿಟ್‌ಗೆ ಗೊಂದಲವಿಲ್ಲ. ಷರತ್ತು ಒಂದೇ: ಹಂಚಿದ ಮೇಲೆ ಆ ಬ್ರಾಂಚನ್ನು ರೀಬೇಸ್ ಮಾಡಕೂಡದು, ಅಂದರೆ ಅದರ ಕಮಿಟ್‌ಗಳನ್ನು ಹೊಸದಾಗಿ ಬರೆಯಕೂಡದು. ಅವಸರ ಇಲ್ಲವೇ? ಫಂಕ್ಷನ್ ಈ ಆವೃತ್ತಿಗೆ, ಡ್ರೈವರ್ ಮುಂದಿನದಕ್ಕೆ.

ಇಷ್ಟಾದರೂ ಇಬ್ಬರು ಒಂದೇ ಜಾಗವನ್ನು ಬೇರೆ ಬೇರೆ ತಿದ್ದಿದಾಗ ಆಗುವ ಘರ್ಷಣೆ ತಪ್ಪುವುದಿಲ್ಲ. 2008ರಲ್ಲಿ ಸ್ಟೀಫನ್ ರಾತ್‌ವೆಲ್ ಶುರು ಮಾಡಿದ ಲಿನಕ್ಸ್-ನೆಕ್ಸ್ಟ್ ಇರುವುದು ಇದಕ್ಕೇ. ಎಲ್ಲರ ಟ್ರೀಗಳನ್ನೂ ಮೊದಲೇ ಒಟ್ಟಿಗೆ ಸೇರಿಸಿ, ಎಲ್ಲಿ ತಾಗುತ್ತದೆ ನೋಡುತ್ತಾರೆ. ಅಲ್ಲಿ ಸಿಕ್ಕ ಘರ್ಷಣೆಯನ್ನು ಮೇಂಟೇನರ್ ಮುಚ್ಚಿಡಬಾರದು, ಲಿನಸ್‌ಗೆ ತಮ್ಮ ಟ್ರೀ ಒಯ್ಯಿರಿ ಎಂದು ಕಳಿಸುವ ಪುಲ್ ರಿಕ್ವೆಸ್ಟ್‌ನಲ್ಲೇ ಹೇಳಬೇಕು. ಬಿಡಿಸುವ ಕೆಲಸ ಲಿನಸ್ ತಾವೇ ಮಾಡಿಕೊಳ್ಳುತ್ತಾರೆ, ಅವರಿಗೆ ಅದೇ ಇಷ್ಟ.

ನನ್ನ ಪ್ಯಾಚ್ ಕಥೆ? ಮುಂದಿನ ಸಲ ಕವರ್ ಲೆಟರ್‌ನಲ್ಲಿ ಒಂದು ಸಾಲು ಸೇರಿಸಿದೆ: ‘ಎರಡೂ ಕ್ಲಾಕ್ ಟ್ರೀಯಿಂದ ಹೋಗಲಿ, ಡ್ರೈವರ್ ಕಡೆಯವರು ಆಕ್ ಕೊಡಿ.’ ನಾಲ್ಕೇ ದಿನದಲ್ಲಿ ಒಳಗೆ ಹೋಯಿತು.

ಸರಿ, ಲ್ಯಾಪ್‌ಟಾಪ್ ತೆಗೆಯಿರಿ. ಮೊದಲು ಗೆಟ್‌-ಮೇಂಟೇನರ್ ಸ್ಕ್ರಿಪ್ಟ್ ಓಡಿಸಿ, ನಿಮ್ಮ ಫೈಲಿನ ಯಜಮಾನರು ಎಷ್ಟು ಜನ ನೋಡೋಣ.